ಪಿಜಿ, ಲಾಡ್ಜ್, ಲಾಂಡ್ರಿಗೆ ಯಾವ ವಾಷಿಂಗ್ ಮೆಷಿನ್? ಕೆಜಿ ಬಟ್ಟೆಗೆ ಎಷ್ಟು ಲೀಟರ್ ಎಂದು ಮೊದಲು ಕೇಳಿ

ಬೆಂಗಳೂರಿನಲ್ಲಿ ಪಿಜಿ ನಡೆಸುವವರು, ಇಪ್ಪತ್ತು-ಮೂವತ್ತು ರೂಮಿನ ಲಾಡ್ಜ್ ಇಟ್ಟವರು, ಬಡಾವಣೆಯಲ್ಲಿ ಸಣ್ಣ ಲಾಂಡ್ರಿ ತೆರೆಯಲು ಹೊರಟವರು ಸುತ್ತಿ ಬಳಸಿ ಕೇಳುವ ಪ್ರಶ್ನೆ ಒಂದೇ. ಕಡಿಮೆ ನೀರು ಕುಡಿಯುವ ಮೆಷಿನ್ ತಗೊಂಡರೆ ಯಾರಾದರೂ ರಿಯಾಯಿತಿ ಕೊಡುತ್ತಾರಾ? ಕೊಡದಿದ್ದರೆ ಅಷ್ಟು ದುಡ್ಡು ಸುರಿಯುವುದು ಲಾಭವಾ?

ಅಮೆರಿಕದ ಹಲವು ನಗರಗಳಲ್ಲಿ ನೀರು ಸರಬರಾಜು ಮಾಡುವ ಸಂಸ್ಥೆಯೇ ವ್ಯಾಪಾರಿಗಳಿಗೆ ಇಂಥ ಮೆಷಿನ್ ಹಾಕಿಸಿಕೊಳ್ಳಲು ಹಣ ಕೊಡುತ್ತದೆ. ನಮ್ಮ ಜಲಮಂಡಳಿಯಿಂದ ಅಂಥ ನೇರ ರಿಯಾಯಿತಿ ಇಲ್ಲ. 2024ರ ಮಾರ್ಚ್‌ನ ಬರದಲ್ಲಿ ವಾಣಿಜ್ಯ ಕಟ್ಟಡಗಳ ನಲ್ಲಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಕಡ್ಡಾಯ ಮಾಡಿದರು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದರು, ಆದರೆ ಬಟ್ಟೆ ಒಗೆಯುವ ಮೆಷಿನ್ ಕಡೆ ಯಾರೂ ನೋಡಲಿಲ್ಲ. ಹಾಗಾಗಿ ಇಲ್ಲಿ ನಿಮ್ಮ ರಿಯಾಯಿತಿಯನ್ನು ಟ್ಯಾಂಕರ್ ಬಿಲ್ಲಿನಿಂದ, ತೆರಿಗೆ ಲೆಕ್ಕದಿಂದ, ಹೊಸ ಘಟಕವಾದರೆ ಸಾಲದ ಸಬ್ಸಿಡಿಯಿಂದ ನೀವೇ ಹೆಕ್ಕಿಕೊಳ್ಳಬೇಕು. ಅದಕ್ಕೂ ಮೊದಲು ಅಳತೆಗೋಲು ಸರಿಯಾಗಿರಬೇಕು.

ಯಾವುದನ್ನು ಅಳೆಯಬೇಕು

ಅಂಗಡಿಯಲ್ಲಿ ಹೇಳುವುದು "ಒಂದು ವಾಶ್‌ಗೆ ಇಷ್ಟು ಲೀಟರ್" ಎಂದು. ಆ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. 6 ಕೆಜಿ ಮೆಷಿನ್ನಿಗೂ 10 ಕೆಜಿ ಮೆಷಿನ್ನಿಗೂ ಹೋಲಿಕೆ ಬರಬೇಕಾದರೆ ಕೆಜಿ ಒಣಬಟ್ಟೆಗೆ ಎಷ್ಟು ಲೀಟರ್ ಎಂದೇ ನೋಡಬೇಕು. ಅದೂ ನೀವು ನಿಜವಾಗಿ ಹಾಕುವ ಬಟ್ಟೆಯ ಲೆಕ್ಕದಲ್ಲಿ. 8 ಕೆಜಿ ಎಂದು ಬರೆದ ಮೆಷಿನ್ನಿಗೆ ದಿನವೂ 4 ಕೆಜಿ ಹಾಕುತ್ತಿದ್ದರೆ ಉಳಿತಾಯದ ಅರ್ಧ ಅಲ್ಲೇ ಸೋರಿಹೋಯಿತು.

ಈಗಿರುವ ಮೆಷಿನ್ನಿನ ಲೆಕ್ಕ ಹಿಡಿಯುವುದು ಸುಲಭ. ನೀರು ಬರುವ ಪೈಪಿಗೆ ಅರ್ಧ ಇಂಚಿನ ವಾಟರ್ ಮೀಟರ್ ಒಂದನ್ನು ಪ್ಲಂಬರ್ ಕೈಲಿ ಕೂರಿಸಿ. ಮೀಟರ್ ಮೇಲಿನ ಬಾಣ ನೀರು ಹರಿಯುವ ದಿಕ್ಕಿಗೇ ಇರಲಿ. ಒಣಬಟ್ಟೆಯನ್ನು ಗಂಟು ಕಟ್ಟಿ ತೂಗುತಕ್ಕಡಿಗೆ ಹಾಕಿ ತೂಕ ಬರೆದುಕೊಳ್ಳಿ. ಮೆಷಿನ್ ಶುರುವಾಗುವ ಮುಂಚೆ ಒಂದು ರೀಡಿಂಗ್, ಕೊನೆಯ ಹಿಂಡುವಿಕೆ ಮುಗಿದ ಮೇಲೆ ಇನ್ನೊಂದು. ವ್ಯತ್ಯಾಸವನ್ನು ತೂಕದಿಂದ ಭಾಗಿಸಿದರೆ ಉತ್ತರ ಸಿಕ್ಕಿತು. ಒಂದು ಲೋಡ್ ಸಾಲದು. ಬೆಡ್‌ಶೀಟ್, ಟವೆಲ್, ಜೀನ್ಸ್ ಹೀಗೆ ಬೇರೆ ಬೇರೆ ಲೋಡ್‌ಗೆ ಮಾಡಿ, ಯಾಕೆಂದರೆ ಟವೆಲ್ ಹೀರಿಕೊಳ್ಳುವಷ್ಟು ನೀರನ್ನು ಪಾಲಿಯೆಸ್ಟರ್ ಅಂಗಿ ಹೀರುವುದಿಲ್ಲ.

ತೂಗುವ ತಾಳ್ಮೆ ಇಲ್ಲದವರಿಗೆ ಅಂದಾಜು: ಸಿಂಗಲ್ ಬೆಡ್‌ಶೀಟ್ 400ರಿಂದ 500 ಗ್ರಾಂ, ಡಬಲ್ 700ರಿಂದ 900, ಸ್ನಾನದ ಟವೆಲ್ 400ರಿಂದ 500, ದಿಂಬಿನ ಕವರ್ 100, ಜೀನ್ಸ್ 600ರಿಂದ 700, ಅಂಗಿ 200ರಿಂದ 250. ಲಾಡ್ಜಿನ ಒಂದು ಡಬಲ್ ರೂಮಿನಿಂದ ದಿನಕ್ಕೆ ಹತ್ತಿರ ಹತ್ತಿರ 2 ಕೆಜಿ ಬರುತ್ತದೆ. ನಲವತ್ತು ಜನರ ಪಿಜಿಯಲ್ಲಿ ತಲೆಗೆ ವಾರಕ್ಕೆ 5 ಕೆಜಿ ಎಂದಿಟ್ಟರೆ ದಿನಕ್ಕೆ ಸುಮಾರು 29 ಕೆಜಿ.

ಎರಡನೇ ಅಳತೆ, ನಿಮ್ಮ ನೀರಿನ ಬೆಲೆ. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ಕಟ್ಟಿದಾಗ 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದಿತ್ತು. ಅಂದರೆ ಸಾವಿರ ಲೀಟರಿಗೆ 83ರಿಂದ 100 ರೂಪಾಯಿ. ದೂರ ಹೆಚ್ಚಿದರೆ, ಬೇಸಿಗೆ ಬಿಗಿಯಾದರೆ ಇದು ಏರುತ್ತದೆ. ಜಲಮಂಡಳಿಯ ದರವೂ 2014ರ ನಂತರ ಮೊದಲ ಸಲ 2025ರ ಏಪ್ರಿಲ್‌ನಲ್ಲಿ ಏರಿತು. ಮುಂದಿನ ಲೆಕ್ಕಗಳಿಗೆ ಸಾವಿರ ಲೀಟರಿಗೆ 100 ರೂಪಾಯಿ ಎಂದು ಹಿಡಿದಿದ್ದೇವೆ. ನಿಮ್ಮ ದರ ಬೇರೆಯಾದರೆ ಅದೇ ಪ್ರಮಾಣದಲ್ಲಿ ಬದಲಿಸಿಕೊಳ್ಳಿ.

ಮೂರನೆಯದು ಒಂದು ಲೋಡ್ ಮುಗಿಯಲು ಹಿಡಿಯುವ ಸಮಯ. ನಾಲ್ಕನೆಯದು ನೀರಿನ ಗಡಸು ಮತ್ತು ಒತ್ತಡ. ಐದನೆಯದು ವಾರಂಟಿ: ಮನೆಬಳಕೆಯ ಮೆಷಿನ್ನುಗಳ ವಾರಂಟಿ ಪುಸ್ತಕದಲ್ಲಿ ವಾಣಿಜ್ಯ ಬಳಕೆಗೆ ಅನ್ವಯಿಸದು ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಪಿಜಿಯಲ್ಲಿ ಮೆಷಿನ್ ಕೆಟ್ಟಾಗ ಸರ್ವೀಸ್‌ನವರು ಬಂದು ಬಾಗಿಲಲ್ಲಿರುವ ಪಿಜಿಯ ಬೋರ್ಡ್ ನೋಡಿ ಅದೇ ಸಾಲು ತೋರಿಸುತ್ತಾರೆ. ಇದನ್ನು ಬೆಲೆಯ ಭಾಗವೆಂದೇ ಎಣಿಸಿ.

ಸೆಮಿ ಆಟೋಮ್ಯಾಟಿಕ್

ಸುಮಾರು 9ರಿಂದ 14 ಸಾವಿರ ರೂಪಾಯಿಗೆ ಸಿಗುತ್ತದೆ. ಇದು ನೀರು ಹಾಳು ಮಾಡುವ ಮೆಷಿನ್ ಎಂಬ ಮಾತು ಅರ್ಧ ಸತ್ಯ, ಎಲ್ಲವೂ ನಿಂತು ಒಗೆಯುವವರ ಕೈಯಲ್ಲಿದೆ. 7 ಕೆಜಿಯ ತೊಟ್ಟಿಗೆ 45 ಲೀಟರ್ ಹಿಡಿಯುತ್ತದೆ ಎನ್ನಿ. ಸೋಪು ನೀರು ಒಂದು ಸಲ, ಜಾಲಾಡಲು ಎರಡು ಸಲ ತುಂಬಿದರೆ 135 ಲೀಟರ್, ಕೆಜಿಗೆ 19. ಅದೇ ಸೋಪು ನೀರಲ್ಲಿ ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು ಒಗೆದರೆ ಕೆಜಿಗೆ 16. ಸೋಪಿನಿಂದ ತೆಗೆದ ಬಟ್ಟೆಯನ್ನು ನೇರ ಜಾಲಾಡದೆ ಮೊದಲು ಪಕ್ಕದ ಸ್ಪಿನ್ ತೊಟ್ಟಿಯಲ್ಲಿ ಒಂದು ನಿಮಿಷ ಹಿಂಡಿದರೆ ಸೋಪು ಅಲ್ಲೇ ಹೋಗುತ್ತದೆ. ಒಂದೇ ಜಾಲಾಟ ಸಾಕಾಗುತ್ತದೆ, ಲೆಕ್ಕ ಕೆಜಿಗೆ 10-11ಕ್ಕೆ ಇಳಿಯುತ್ತದೆ.

ಆದರೆ ನಲ್ಲಿ ಬಿಟ್ಟು ಓವರ್‌ಫ್ಲೋ ಮಾಡುತ್ತಾ ಜಾಲಾಡುವ ಅಭ್ಯಾಸ ಬಂದರೆ ಕಥೆ ಬೇರೆ. ನಿಮಿಷಕ್ಕೆ 10 ಲೀಟರ್ ಬರುವ ನಲ್ಲಿ ಹತ್ತು ನಿಮಿಷ ತೆರೆದಿದ್ದರೆ ನೂರು ಲೀಟರ್ ಚರಂಡಿಗೆ. ಬಾಡಿಗೆದಾರರೇ ಬಳಸುವ ಪಿಜಿಗೆ ಸೆಮಿ ಬೇಡವೇ ಬೇಡ. ಒಬ್ಬರೇ ನಂಬಿಕಸ್ತರು ನಿಂತು ಒಗೆಯುವ ಸಣ್ಣ ಲಾಡ್ಜಿಗೆ, ಕೈ ಬಿಗಿ ಇರುವಾಗ, ಇದು ಮರ್ಯಾದಸ್ಥ ಆಯ್ಕೆ. ಹಿಂಡುವ ಶಕ್ತಿಯೂ ಚೆನ್ನಾಗಿರುವುದರಿಂದ ಮಳೆಗಾಲದಲ್ಲಿ ಬಟ್ಟೆ ಬೇಗ ಒಣಗುತ್ತದೆ.

ಟಾಪ್ ಲೋಡ್

ನಮ್ಮ ಪಿಜಿಗಳಲ್ಲಿ ಹೆಚ್ಚು ಕಾಣುವುದು ಇದೇ. 7-8 ಕೆಜಿಯದು 16ರಿಂದ 25 ಸಾವಿರ, 45 ನಿಮಿಷದಿಂದ ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ಮಧ್ಯೆ ಮುಚ್ಚಳ ತೆಗೆದು ಬಟ್ಟೆ ಸೇರಿಸಬಹುದು, ರಿಪೇರಿ ಗೊತ್ತಿರುವವರು ಎಲ್ಲ ಕಡೆ ಇದ್ದಾರೆ. ಬಟ್ಟೆ ಪೂರ್ತಿ ಮುಳುಗಬೇಕಾದ್ದರಿಂದ ತುಂಬಿದ ಲೋಡಿಗೂ ಕೆಜಿಗೆ 15ರಿಂದ 20 ಲೀಟರ್ ಬೇಕು. ದೊಡ್ಡ ತೊಂದರೆ ವಾಟರ್ ಲೆವೆಲ್ ಗುಂಡಿಯದು. ಯಾರೋ ಒಬ್ಬರು ಅದನ್ನು ಹೈನಲ್ಲಿ ಇಟ್ಟು ಹೋದರೆ ಮುಂದಿನವರು ಮೂರು ಅಂಗಿಗೂ ಅದೇ ಲೆವೆಲ್ಲಿನಲ್ಲಿ ಒಗೆಯುತ್ತಾರೆ. 3 ಕೆಜಿಗೆ 130 ಲೀಟರ್ ಹೋದ ಲೋಡು ಅಪರೂಪವಲ್ಲ. ಹಿಂಡುವ ವೇಗ ನಿಮಿಷಕ್ಕೆ 700 ಸುತ್ತಿನ ಆಸುಪಾಸು ಮಾತ್ರ, ಆದ್ದರಿಂದ ಜೀನ್ಸು ಜುಲೈನಲ್ಲಿ ಎರಡು ದಿನವಾದರೂ ಒಣಗದು.

ಮನೆಬಳಕೆಯ ಫ್ರಂಟ್ ಲೋಡ್

8 ಕೆಜಿಯದು 30ರಿಂದ 40 ಸಾವಿರ. ತುಂಬಿದ ಲೋಡಿಗೆ 55ರಿಂದ 70 ಲೀಟರ್, ಕೆಜಿಗೆ 7ರಿಂದ 9. ಅರ್ಧ ಲೋಡಿಗೆ ನೀರು ತಾನಾಗಿ ಕಡಿಮೆ ಮಾಡಿಕೊಂಡರೂ ಅರ್ಧಕ್ಕೆ ಇಳಿಯುವುದಿಲ್ಲ, ಕೆಜಿಗೆ 11-12 ಆಗುತ್ತದೆ. ಡ್ರಮ್ಮಿನಲ್ಲಿ ಬಟ್ಟೆಯ ಮೇಲೆ ಅಂಗೈ ಅಗಲದ ಜಾಗ ಉಳಿಯುವಷ್ಟು ತುಂಬುವುದು ಸರಿ.

ನೀರು ಉಳಿಸುವ ಈ ಮೆಷಿನ್ನೇ ನೀರು ಹಾಳು ಮಾಡುವಂತಾಗುವುದು ಸೋಪಿನ ಪುಡಿಯಿಂದ. ಬಕೆಟ್ಟಿಗೆ ಹಾಕುವ ಸಾಮಾನ್ಯ ಪುಡಿ ಹಾಕಿದರೆ ಡ್ರಮ್ ತುಂಬಾ ನೊರೆ ಏಳುತ್ತದೆ. ನೊರೆ ಕಂಡ ಮೆಷಿನ್ ನೀರು ಹೊರಗೆ ಬಿಟ್ಟು ಮತ್ತೆ ಜಾಲಾಡುತ್ತದೆ, ಪ್ರತಿ ಸಲ 10-15 ಲೀಟರ್ ಹೆಚ್ಚು, ಸಮಯವೂ ಹೆಚ್ಚು. ಫ್ರಂಟ್ ಲೋಡಿಗೆಂದೇ ಇರುವ ಕಡಿಮೆ ನೊರೆಯ ಮ್ಯಾಟಿಕ್ ಪುಡಿಯನ್ನೋ ದ್ರವವನ್ನೋ ಅಳತೆ ಮುಚ್ಚಳದಲ್ಲಿ ಹಾಕಿ. ಪಿಜಿಯಲ್ಲಿ ಸೋಪನ್ನು ನೀವೇ ಇಟ್ಟು ಬಾಡಿಗೆಯಲ್ಲಿ ಸೇರಿಸುವುದು ಒಳ್ಳೆಯದು.

ಇದರ ನಿಜವಾದ ದೌರ್ಬಲ್ಯ ಸಮಯ. ಕಾಟನ್ 60 ಡಿಗ್ರಿ ಎಂದು ಒತ್ತಿದರೆ ಎರಡೂವರೆ-ಮೂರು ಗಂಟೆ. ದಿನಕ್ಕೆ 29 ಕೆಜಿ ಬರುವ ಪಿಜಿಯಲ್ಲಿ ಲೋಡಿಗೆ ಐದೂವರೆ ಕೆಜಿಯಂತೆ ದಿನಕ್ಕೆ ಐದಾರು ಲೋಡ್. ಮೂರು ಗಂಟೆಯ ಸೈಕಲ್ಲಿನಲ್ಲಿ ಒಂದೇ ಮೆಷಿನ್ ಹದಿನಾರು ಗಂಟೆ ಓಡಬೇಕು, ಅದು ಆಗದ ಮಾತು. ಒಂದು ಗಂಟೆಯ ಆಸುಪಾಸಿನ 40 ಡಿಗ್ರಿ ಪ್ರೋಗ್ರಾಮ್ ಇರುವ ಮಾದರಿ ನೋಡಿ, ಅದನ್ನೇ ಎಲ್ಲರೂ ಬಳಸುವಂತೆ ಮೆಷಿನ್ ಮೇಲೆ ಚೀಟಿ ಅಂಟಿಸಿ. 15-30 ನಿಮಿಷದ ಕ್ವಿಕ್ ಪ್ರೋಗ್ರಾಮ್ ಎರಡು ಕೆಜಿಗೆ ಮಾತ್ರ. ಅದರಲ್ಲಿ ಡ್ರಮ್ ತುಂಬಿದರೆ ಸೋಪು ಹೋಗದೆ ಎಲ್ಲರೂ ಮತ್ತೊಮ್ಮೆ ಒಗೆಯುತ್ತಾರೆ.

ಪಿಜಿಯ ಜೇಬುಗಳಿಂದ ಬರುವ ನಾಣ್ಯ, ಹೇರ್‌ಪಿನ್, ಬ್ರಾದ ತಂತಿ ಇದರ ಶತ್ರುಗಳು. ಮುಂದೆ ಕೆಳಗಿರುವ ಸಣ್ಣ ಮುಚ್ಚಳದ ಹಿಂದಿನ ಡ್ರೈನ್ ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತಿರುಗಿಸಿ ತೆಗೆಯಿರಿ. ಮೊದಲು ತಟ್ಟೆ ಇಡಿ, ಒಂದೆರಡು ಲೀಟರ್ ನೀರು ಬೀಳುತ್ತದೆ. ಬಾಗಿಲಿನ ರಬ್ಬರ್ ಮಡಿಕೆಯನ್ನು ಒಣಬಟ್ಟೆಯಿಂದ ಒರೆಸಿ ಬಾಗಿಲು ಅರೆ ತೆರೆದಿಡದಿದ್ದರೆ ಕಪ್ಪು ಬೂಷ್ಟು ಹಿಡಿದು ವಾಸನೆ ಶುರುವಾಗುತ್ತದೆ.

ವಾಣಿಜ್ಯ ಫ್ರಂಟ್ ಲೋಡ್, 10ರಿಂದ 15 ಕೆಜಿ

ನಾಣ್ಯ ಹಾಕುವ, ಈಗ ಕ್ಯೂಆರ್ ಸ್ಕ್ಯಾನ್ ಮಾಡುವ ಸ್ವಸೇವಾ ಲಾಂಡ್ರಿಗಳಲ್ಲಿ ಕಾಣುವ ವರ್ಗ. ಬೆಲೆ ಲಕ್ಷದ ಮೇಲೆ. ಕೆಜಿಗೆ 8ರಿಂದ 12 ಲೀಟರ್, ಅಂದರೆ ಮನೆಬಳಕೆಯ ಫ್ರಂಟ್ ಲೋಡಿಗಿಂತ ನೀರಿನಲ್ಲಿ ದೊಡ್ಡ ಲಾಭವೇನಿಲ್ಲ. ಹಣ ಕೊಡುವುದು 30-40 ನಿಮಿಷದಲ್ಲಿ ಮುಗಿಯುವ ಸೈಕಲ್ಲಿಗೆ, ದಿನಕ್ಕೆ ಎಂಟು-ಹತ್ತು ಲೋಡ್ ಎಳೆದರೂ ತಾಳುವ ಬೇರಿಂಗಿಗೆ, ವಾಣಿಜ್ಯ ವಾರಂಟಿಗೆ. ಜೊತೆಗೆ ಪ್ರೋಗ್ರಾಮ್ ಬೀಗ: ಎಷ್ಟು ಜಾಲಾಟ, ಎಷ್ಟು ನೀರು ಎಂಬುದನ್ನು ಮಾಲೀಕರು ಒಮ್ಮೆ ಹೊಂದಿಸಿಟ್ಟರೆ ಬಳಸುವವರು ಬದಲಿಸಲಾರರು. ನಲವತ್ತು ಜನಕ್ಕಿಂತ ದೊಡ್ಡ ಪಿಜಿಯಲ್ಲಿ ಆ ಬೀಗವೇ ಬೆಲೆಯನ್ನು ಸಮರ್ಥಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ.

ವಾಷರ್ ಎಕ್ಸ್‌ಟ್ರಾಕ್ಟರ್, 15 ಕೆಜಿ ಮತ್ತು ಮೇಲೆ

ಲಾಂಡ್ರಿ ವ್ಯಾಪಾರಕ್ಕೆ, ದೊಡ್ಡ ಹೋಟೆಲಿಗೆ. ಇಲ್ಲಿ ಎರಡು ಜಾತಿ ಇವೆ, ಗೊಂದಲ ಮಾಡಿಕೊಳ್ಳಬೇಡಿ. ಬರೀ ತೊಳೆದು, ಹಿಂಡಲು ಪಕ್ಕದ ಹೈಡ್ರೋ ಎಕ್ಸ್‌ಟ್ರಾಕ್ಟರಿಗೆ ಬಟ್ಟೆ ಹೊತ್ತು ಹಾಕಬೇಕಾದ ಹಳೇ ಅಡ್ಡ ಡ್ರಮ್ ಮೆಷಿನ್ ಅಗ್ಗ. ಆದರೆ ಜಾಲಾಟಗಳ ನಡುವೆ ಹಿಂಡುವುದಿಲ್ಲವಾದ್ದರಿಂದ ಸೋಪು ನೀರು ಬಟ್ಟೆಯಲ್ಲೇ ಉಳಿದು ಮೂರು-ನಾಲ್ಕು ಸಲ ಜಾಲಾಡಬೇಕು, ಕೆಜಿಗೆ 20ರಿಂದ 30 ಲೀಟರ್ ಹೋಗುತ್ತದೆ. ಒಂದೇ ಡ್ರಮ್ಮಿನಲ್ಲಿ ತೊಳೆದು, ನಡುನಡುವೆ ಹಿಂಡಿ, ಜಾಲಾಡುವ ವಾಷರ್ ಎಕ್ಸ್‌ಟ್ರಾಕ್ಟರಿಗೆ 10ರಿಂದ 15 ಲೀಟರ್ ಸಾಕು.

ಅದರಲ್ಲಿ ಮತ್ತೆ ಹಾರ್ಡ್ ಮೌಂಟ್, ಸಾಫ್ಟ್ ಮೌಂಟ್. ಹಾರ್ಡ್ ಮೌಂಟಿಗೆ ನೆಲಮಹಡಿಯಲ್ಲಿ ಕಬ್ಬಿಣ ಹಾಕಿದ ಕಾಂಕ್ರೀಟ್ ಪೀಠ ಬೇಕು, ಬೋಲ್ಟ್ ಬಿಗಿದು ಕೂರಿಸಬೇಕು. ಸ್ಪ್ರಿಂಗ್ ಮೇಲೆ ಕೂತ ಸಾಫ್ಟ್ ಮೌಂಟ್ ದುಬಾರಿ, ಆದರೆ ಎರಡು-ಮೂರು ಪಟ್ಟು ಜೋರಾಗಿ ಹಿಂಡುತ್ತದೆ, ಇಂಜಿನಿಯರ್ ಒಪ್ಪಿದರೆ ಮೇಲಿನ ಮಹಡಿಗೂ ಹಾಕಬಹುದು. ಡ್ರೈಯರ್ ಓಡಿಸುವ ಲಾಂಡ್ರಿಗೆ ಸಾಫ್ಟ್ ಮೌಂಟಿನ ಹೆಚ್ಚುವರಿ ಬೆಲೆ ಕರೆಂಟು ಬಿಲ್ಲಿನಲ್ಲಿ ವಾಪಸ್ ಬರುತ್ತದೆ.

ಎಡವುವುದು ಚರಂಡಿಯಲ್ಲಿ. 15 ಕೆಜಿ ಮೆಷಿನ್ ವಾಲ್ವ್ ತೆರೆದಾಗ 60-75 ಲೀಟರ್ ಒಂದು ನಿಮಿಷದೊಳಗೆ ಕೆಳಗೆ ಬರುತ್ತದೆ. ಬಾತ್‌ರೂಮಿನ ಸಾದಾ ಜಾಲಿಗೆ ಅದನ್ನು ನುಂಗಲು ಆಗದೆ ನೀರು ಅಂಗಡಿಯೊಳಗೆ ನುಗ್ಗುತ್ತದೆ. ಮೆಷಿನ್ ಹಿಂದೆ ಕಾಲುವೆ ತೋಡಿಸಿ, ಅದರ ಕೊನೆಗೆ ನೂಲು ಹಿಡಿಯುವ ಜಾಲರಿ ಇಡಿ, ಅಲ್ಲಿಂದ 4 ಇಂಚಿನ ಪೈಪ್ ಕೊಡಿ. ತ್ರೀ ಫೇಸ್ ಸಂಪರ್ಕ, ಬೆಸ್ಕಾಂನ ಮಂಜೂರಾದ ಲೋಡ್ ಮೆಷಿನ್ ಬುಕ್ ಮಾಡುವ ಮುಂಚೆಯೇ ನೋಡಿಕೊಳ್ಳಬೇಕಾದ್ದು.

ಕೊನೆಯ ಜಾಲಾಟದ ನೀರನ್ನು ಟ್ಯಾಂಕಿಗೆ ಹಿಡಿದು ಮುಂದಿನ ಲೋಡಿನ ಮೊದಲ ತೊಳೆತಕ್ಕೆ ಕೊಡುವ ಏರ್ಪಾಡು ಈ ವರ್ಗದಲ್ಲಿ ಸಾಧ್ಯ, ಮೂರರಲ್ಲಿ ಒಂದು ಪಾಲಿನ ಹತ್ತಿರ ನೀರು ಉಳಿಯುತ್ತದೆ. ಆ ನೀರನ್ನು ರಾತ್ರಿ ಇಟ್ಟರೆ ನಾರುತ್ತದೆ, ಅಂದಂದೇ ಮುಗಿಸಿ. ನರ್ಸಿಂಗ್ ಹೋಮ್ ಬಟ್ಟೆಗೆ ಈ ಮರುಬಳಕೆ ಮಾಡಲೇಬೇಡಿ. ಮನೆಬಳಕೆ ಮೆಷಿನ್ನಿನಲ್ಲೂ ಡ್ರೈನ್ ಪೈಪಿಗೆ ಕವಲು ಹಾಕಿ ಕೊನೆಯ ನೀರನ್ನು ನೆಲ ಒರೆಸಲು, ಕಕ್ಕಸಿಗೆ ಹಿಡಿಯಬಹುದು, ಆದರೆ ಅದರ ಪಂಪು ಸುಮಾರು ಒಂದು ಮೀಟರ್ ಎತ್ತರಕ್ಕಷ್ಟೇ ನೀರೆತ್ತುತ್ತದೆ. ನೀರು ಹಿಡಿಯಲು ಇಟ್ಟ ಡ್ರಮ್ಮಿನ ಬಾಯಿ ಅದಕ್ಕಿಂತ ಮೇಲಿದ್ದರೆ ನೀರು ಹೊರಹೋಗದೆ ಎರರ್ ಬರುತ್ತದೆ.

ಹೊರಗೆ ಕೊಡುವುದು

ದಿನಕ್ಕೆ 15 ಕೆಜಿಗಿಂತ ಕಡಿಮೆ ಬಟ್ಟೆ ಬರುವ ಲಾಡ್ಜಿಗೆ ಇದನ್ನು ಗಂಭೀರವಾಗಿ ಯೋಚಿಸಿ. ಬಟ್ಟೆ ಹೋಗಿ ಬರುವ ಹೊತ್ತಿಗೆ ರೂಮಿಗೆ ಮೂರರ ಬದಲು ನಾಲ್ಕು ಸೆಟ್ ಬೆಡ್‌ಶೀಟ್ ಇಡಬೇಕಾಗುತ್ತದೆ, ಆ ಖರ್ಚನ್ನೂ ಸೇರಿಸಿ. ಲಾಂಡ್ರಿಯವರ ಮೆಷಿನ್ ಯಾವ ಜಾತಿ, ಗಡಸು ನೀರನ್ನು ಮೆದುಮಾಡುವ ಸಾಫ್ಟ್‌ನರ್ ಇದೆಯಾ ಎಂದು ಹೋಗಿ ನೋಡಿ. ಮೂರು ತಿಂಗಳಲ್ಲಿ ಬಿಳಿ ಬೆಡ್‌ಶೀಟ್ ಬೂದು ಬಣ್ಣಕ್ಕೆ ತಿರುಗುವುದು ಅಲ್ಲಿಯ ನೀರಿನಿಂದ.

ಬೋರ್ ನೀರು, ಟ್ಯಾಂಕಿನ ಎತ್ತರ

ಮೆಷಿನ್ ಆಯ್ಕೆಯಲ್ಲಿ ನಮ್ಮೂರಿನವರು ಹೆಚ್ಚು ಮೋಸ ಹೋಗುವುದು ಇಲ್ಲೇ. ಕುಡಿಯುವ ನೀರಿಗೆ ಬಿಐಎಸ್ ಮಾನದಂಡದ ಸ್ವೀಕಾರಾರ್ಹ ಗಡಸು ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ. ಹೊರವಲಯದ ಬೋರ್‌ಗಳಲ್ಲಿ 400 ಸಾಮಾನ್ಯ. ಇಂಥ ನೀರಲ್ಲಿ ಸೋಪು ಕೆಲಸ ಮಾಡುವ ಮುಂಚೆಯೇ ಸುಣ್ಣದ ಜೊತೆ ಸೇರಿ ಜಿಗುಟಾಗಿ ಬಟ್ಟೆಗೆ ಅಂಟುತ್ತದೆ. ಜನ ಸೋಪು ಹೆಚ್ಚು ಹಾಕುತ್ತಾರೆ, ಹೆಚ್ಚಿದ ಸೋಪು ಹೋಗಲು ಇನ್ನೊಂದು ಜಾಲಾಟ ಕೊಡುತ್ತಾರೆ. ಫ್ರಂಟ್ ಲೋಡ್ ತಂದು ಉಳಿಸಿದ ನೀರು ಹೀಗೆ ಹಿಂಬಾಗಿಲಿಂದ ಹೋಗುತ್ತದೆ. ಹೀಟರ್ ಮೇಲೆ ಬಿಳಿ ಪದರ ಕಟ್ಟಿ ನೀರು ಕಾಯುವುದು ತಡವಾಗುತ್ತದೆ, ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಅಲ್ಯೂಮಿನಿಯಂ ಚೌಕಟ್ಟು (ಸ್ಪೈಡರ್) ಸವೆಯುತ್ತದೆ.

ದಿನಕ್ಕೆ 300 ಲೀಟರಿನ ಒಗೆತಕ್ಕೆ 25 ಲೀಟರ್ ರೆಸಿನ್ (ಗಡಸು ಹಿಡಿಯುವ ಸಣ್ಣ ಮಣಿಗಳು) ಇರುವ ಸಾಫ್ಟ್‌ನರ್ ಸಾಕು. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸನ್ನು ಹಿಡಿಯುತ್ತದೆ, ಅಂದರೆ 400ರ ನೀರಿನಲ್ಲಿ ಮೂರು ಸಾವಿರ ಲೀಟರಿಗೊಮ್ಮೆ, ಹತ್ತು ದಿನಕ್ಕೊಮ್ಮೆ, 3 ಕೆಜಿಯಷ್ಟು ಉಪ್ಪು ಹಾಕಿ ತೊಳೆಯಬೇಕು. ತೊಳೆಯಲು 150-200 ಲೀಟರ್ ಹೋಗುತ್ತದೆ. ಅದು ಉಪ್ಪು ನೀರು, ಗಿಡಕ್ಕೆ ಹಾಕಬೇಡಿ. ಸಾಫ್ಟ್‌ನರ್ ಹಾಕಿದ ಮೇಲೆ ಸೋಪನ್ನು ಅರ್ಧಕ್ಕಿಳಿಸಿ ನೋಡಿ, ಮೆದು ನೀರಲ್ಲಿ ನೊರೆ ಜಾಸ್ತಿ ಏಳುತ್ತದೆ.

ಒತ್ತಡದ ಲೆಕ್ಕ ಸರಳ: ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಬಾರ್. ಬಹುತೇಕ ಫ್ರಂಟ್ ಲೋಡುಗಳಿಗೆ 0.3ರಿಂದ 0.5 ಬಾರ್ ಬೇಕು. ತಾರಸಿಯ ಸಿಂಟೆಕ್ಸ್ ಪಕ್ಕದಲ್ಲೇ ಶೀಟ್ ಹಾಕಿ ಮೆಷಿನ್ ಇಟ್ಟರೆ ಎರಡು ಮೀಟರ್ ಎತ್ತರವೂ ಸಿಗುವುದಿಲ್ಲ. ನೀರು ತುಂಬುವುದೇ ಹತ್ತು-ಹದಿನೈದು ನಿಮಿಷವಾಗಿ ಮೆಷಿನ್ ನಿಂತುಬಿಡುತ್ತದೆ. ಅದೇ ಮೆಷಿನ್ನನ್ನು ಎರಡು ಮಹಡಿ ಕೆಳಗಿಳಿಸಿದರೆ ತಕರಾರಿಲ್ಲ. ಇಳಿಸಲಾಗದಿದ್ದರೆ ಸಣ್ಣ ಪ್ರೆಶರ್ ಪಂಪ್. ಟ್ಯಾಂಕರ್ ನೀರಿನ ಮಣ್ಣು ಹಿಡಿಯಲು ಹಾಕುವ ಸ್ಪನ್ ಫಿಲ್ಟರ್ ಕೂಡ ಒತ್ತಡ ತಿನ್ನುತ್ತದೆ, ಕಂದು ಬಣ್ಣಕ್ಕೆ ತಿರುಗಿದೊಡನೆ ಬದಲಿಸಿ. ಮೆಷಿನ್ ಹಿಂದಿನ ಇನ್‌ಲೆಟ್ ಪೈಪ್ ಬಿಚ್ಚಿದರೆ ಬೆರಳಿನ ತುದಿಯಷ್ಟು ಜಾಲರಿ ಇರುತ್ತದೆ, ತಿಂಗಳಿಗೊಮ್ಮೆ ಇಕ್ಕಳದಲ್ಲಿ ಎಳೆದು ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿ.

ದುಡ್ಡಿನ ಲೆಕ್ಕ, ರಿಯಾಯಿತಿಯ ಲೆಕ್ಕ

ದಿನಕ್ಕೆ 30 ಕೆಜಿ ಒಗೆಯುವ ಜಾಗ. ಟಾಪ್ ಲೋಡಿನಲ್ಲಿ ಕೆಜಿಗೆ 19ರಂತೆ 570 ಲೀಟರ್, ಫ್ರಂಟ್ ಲೋಡಿನಲ್ಲಿ 9ರಂತೆ 270. ದಿನಕ್ಕೆ 300 ಲೀಟರ್, ತಿಂಗಳಿಗೆ 9,000 ಲೀಟರ್, 900 ರೂಪಾಯಿ ಉಳಿಯಿತು. ಎರಡರ ಬೆಲೆ ವ್ಯತ್ಯಾಸ 14 ಸಾವಿರ ಎಂದಿಟ್ಟರೆ ಒಂದೂಕಾಲು ವರ್ಷದಲ್ಲಿ ವಾಪಸ್. ಇದು ಕಣ್ಣು ಮುಚ್ಚಿ ಮಾಡಬಹುದಾದ ಖರ್ಚು.

ಅದೇ ಜಾಗಕ್ಕೆ ಒಂದೂವರೆ ಲಕ್ಷದ ವಾಣಿಜ್ಯ ಮೆಷಿನ್ ತಂದರೆ ಬರೀ ನೀರಿನ ಉಳಿತಾಯದಿಂದ ಹತ್ತು ವರ್ಷವಾದರೂ ಹಣ ಹುಟ್ಟದು. ನಿಮಗೆ ನೀರು ಸಿಗುವ ಬೆಲೆಗಿಂತ ಅದನ್ನು ತರುವ ಖರ್ಚು ಊರಿಗೆ ಹೆಚ್ಚು. ಬೆಂಗಳೂರು ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಎತ್ತಿ ತರುತ್ತಿದೆ, 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರಿನದು. ಉಳಿಸಿದ ಲೀಟರಿನ ಲಾಭದಲ್ಲಿ ದೊಡ್ಡ ಪಾಲು ಊರಿಗೆ, ಸಣ್ಣ ಪಾಲು ಲಾಡ್ಜಿನವರಿಗೆ. ಆ ಅಂತರ ತುಂಬಲೆಂದೇ ರಿಯಾಯಿತಿ ಇರುವುದು. ಇಲ್ಲಿಯೂ ಅದು ಬರಬೇಕು ಎಂದು ನಾವು ನಂಬುತ್ತೇವೆ.

ಅಮೆರಿಕದಲ್ಲಿ ಎರಡು ದಾರಿ ಇವೆ. ಒಂದು, ಪಟ್ಟಿಯಲ್ಲಿರುವ ಮೆಷಿನ್ ಕೊಂಡರೆ ಮೆಷಿನ್ನಿಗೆ ಇಷ್ಟು ಎಂದು ನಿಗದಿ ಹಣ. ಪಟ್ಟಿಗೆ ಸಾಮಾನ್ಯವಾಗಿ ಎನರ್ಜಿ ಸ್ಟಾರ್ ಎಂಬ ಅಲ್ಲಿಯ ಸರ್ಕಾರಿ ಮಿತಬಳಕೆ ಗುರುತೇ ಆಧಾರ. 2018ರ ಜನವರಿಯಿಂದ ಅಲ್ಲಿಯ ಕೇಂದ್ರ ನಿಯಮ ವಾಣಿಜ್ಯ ಫ್ರಂಟ್ ಲೋಡಿಗೆ ಒಂದು ಸೈಕಲ್ಲಿಗೆ ಡ್ರಮ್ಮಿನ ಘನ ಅಡಿಗೆ 4.1 ಗ್ಯಾಲನ್ (ಒಂದು ಗ್ಯಾಲನ್ ಸುಮಾರು 3.8 ಲೀಟರ್), ಟಾಪ್ ಲೋಡಿಗೆ 8.8 ಗ್ಯಾಲನ್ ಮಿತಿ ಇಟ್ಟಿದೆ, ಎನರ್ಜಿ ಸ್ಟಾರ್ ಕೇಳುವುದು 4.0. ಇನ್ನೊಂದು ದಾರಿ, ಅಳತೆ ಮಾಡಿ ಉಳಿದ ನೀರಿಗೆ ತಕ್ಕಂತೆ ಹಣ. ದಕ್ಷಿಣ ಕ್ಯಾಲಿಫೋರ್ನಿಯಾದ ಮೆಟ್ರೋಪಾಲಿಟನ್ ವಾಟರ್ ಡಿಸ್ಟ್ರಿಕ್ಟ್, ಟೆಕ್ಸಸ್‌ನ ಆಸ್ಟಿನ್ ನಗರ ಈ ಕ್ರಮವನ್ನೂ ಇಟ್ಟುಕೊಂಡಿವೆ. ಒಂದೆರಡು ಮೆಷಿನ್ ಇರುವವರಿಗೆ ಮೊದಲನೆಯದು ಸುಲಭ, ಇಡೀ ಲಾಂಡ್ರಿ ಬದಲಿಸುವವರಿಗೆ, ಮರುಬಳಕೆ ಟ್ಯಾಂಕ್ ಹಾಕುವವರಿಗೆ ಎರಡನೆಯದು ಲಾಭ. ಲಾಸ್ ವೇಗಸ್ ಇವೆರಡಕ್ಕಿಂತ ಹುಲ್ಲುಹಾಸು ಕೀಳಿಸಲು ಹೆಚ್ಚು ಹಣ ಸುರಿಯುತ್ತದೆ. ಅಲ್ಲಿ ಮನೆಯೊಳಗೆ ಬಳಸಿದ ನೀರು ಶುದ್ಧವಾಗಿ ನಗರದ ನೀರಿನ ಮೂಲವಾದ ಮೀಡ್ ಸರೋವರಕ್ಕೇ ಮರಳುತ್ತದೆ, ಹುಲ್ಲಿಗೆ ಹಾಕಿದ್ದು ಮರಳುವುದಿಲ್ಲ.

ಅಲ್ಲಿ ಮೋಟೆಲ್, ಲಾಂಡ್ರೋಮ್ಯಾಟ್ ನಡೆಸುವ ಕನ್ನಡಿಗರಿಗೆ ಎರಡು ಎಚ್ಚರಿಕೆ. ಹಲವು ಯೋಜನೆಗಳಲ್ಲಿ ಕೊಳ್ಳುವ ಮುಂಚೆಯೇ ಒಪ್ಪಿಗೆ ಪಡೆಯಬೇಕು, ಬಿಲ್ ಮಾಡಿ ಆಮೇಲೆ ಅರ್ಜಿ ಹಾಕಿದರೆ ಹಣ ಹೋಯಿತು. ಮೆಷಿನ್ ಲೀಸಿನದ್ದಾದರೆ ರಿಯಾಯಿತಿ ಮೆಷಿನ್ ಮಾಲೀಕರಿಗೋ ನೀರಿನ ಬಿಲ್ ಕಟ್ಟುವವರಿಗೋ ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಹಳೇ ಮೆಷಿನ್ನಿನ ಸೀರಿಯಲ್ ನಂಬರಿನ ಫೋಟೋ ತೆಗೆದಿಡದೆ ಗುಜರಿಗೆ ಹಾಕಬೇಡಿ.

ಇನ್ನು ನಮ್ಮಲ್ಲಿ ಸಿಗುವುದು. ವಾಷಿಂಗ್ ಮೆಷಿನ್ನಿಗೆ ಜಿಎಸ್‌ಟಿ 18%. ನೋಂದಾಯಿತ ಲಾಂಡ್ರಿ ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುತ್ತಿದ್ದರೆ ಮೆಷಿನ್ ಮೇಲೆ ಕಟ್ಟಿದ್ದನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ಹಿಡಿದುಕೊಳ್ಳಬಹುದು, ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇರಬೇಕಷ್ಟೇ. ತಿಂಗಳಿಗೆ ತಲೆಗೆ 20,000 ರೂಪಾಯಿ ಒಳಗಿನ, ಕನಿಷ್ಠ 90 ದಿನದ ವಾಸ್ತವ್ಯಕ್ಕೆ 2024ರಿಂದ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಬಹುತೇಕ ಪಿಜಿಗಳಿಗೆ ಈ ಕ್ರೆಡಿಟ್ ಸಿಗದು. ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಕ್ರೆಡಿಟ್ ಇಲ್ಲದ 5% ದರ, ಹಾಗಾಗಿ ಸಾಮಾನ್ಯ ಲಾಡ್ಜಿಗೂ ಇಲ್ಲ. ಆದಾಯ ತೆರಿಗೆಯಲ್ಲಿ ಮೆಷಿನ್ ಬೆಲೆಯ ಮೇಲೆ ವರ್ಷಕ್ಕೆ 15% ಸವಕಳಿಯನ್ನು ಖರ್ಚೆಂದು ತೋರಿಸುವ ಅವಕಾಶ ವ್ಯಾಪಾರದ ಲೆಕ್ಕ ಇಟ್ಟವರಿಗೆ ಸಿಗುತ್ತದೆ.

ಹೊಸದಾಗಿ ಲಾಂಡ್ರಿ ತೆರೆಯುವವರಿಗೆ ದೊಡ್ಡ ಆಸರೆ ಪಿಎಂಇಜಿಪಿ, ಅಂದರೆ ಹೊಸ ಉದ್ಯಮಕ್ಕೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಯೋಜನೆ. ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆ, ಸಾಮಾನ್ಯ ವರ್ಗಕ್ಕೆ ನಗರದಲ್ಲಿ 15%, ಹಳ್ಳಿಯಲ್ಲಿ 25% ಸಬ್ಸಿಡಿ. ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು ಮುಂತಾದ ವಿಶೇಷ ವರ್ಗಕ್ಕೆ 25% ಮತ್ತು 35%. ಯೋಜನೆ 5 ಲಕ್ಷ ಮೀರಿದರೆ ಎಂಟನೇ ತರಗತಿ ಪಾಸಾಗಿರಬೇಕು. ಈಗಾಗಲೇ ನಡೆಯುತ್ತಿರುವ ಅಂಗಡಿಗೆ ಹೊಸ ಮೆಷಿನ್ ಕೊಳ್ಳಲು ಇದು ಸಾಮಾನ್ಯವಾಗಿ ಬಾರದು. 2025-26ರವರೆಗಿನ ಅವಧಿಗೆ ಮುಂದುವರಿಸಿದ್ದ ಯೋಜನೆ ಇದು, ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಮೆಷಿನ್ನಿಗೆ ಕೊಟೇಷನ್ ತಗೊಳ್ಳಿ, ಮುಂಗಡ ಕೊಡಬೇಡಿ. ಬ್ಯಾಂಕ್ ಮಂಜೂರಾತಿಗೆ ಮುಂಚಿನ ಬಿಲ್ ಲೆಕ್ಕಕ್ಕೆ ಬರುವುದಿಲ್ಲ.

ಯಾರಿಗೆ ಯಾವುದು

ಇಪ್ಪತ್ತು-ಮೂವತ್ತು ಜನರ ಪಿಜಿಗೆ ಮನೆಬಳಕೆಯ ಫ್ರಂಟ್ ಲೋಡ್ ಎರಡು. ವಾರಂಟಿ ಸಿಗದಿರಬಹುದು ಎಂದು ತಿಳಿದೇ ಕೊಳ್ಳಿ. ಒಂದು ಕೆಟ್ಟರೂ ಇನ್ನೊಂದು ಓಡುತ್ತದೆ. ನಲವತ್ತು ದಾಟಿದರೆ ವಾಣಿಜ್ಯ ಫ್ರಂಟ್ ಲೋಡ್ ಒಂದು, ಜೊತೆಗೆ ಈಗಿರುವ ಮೆಷಿನ್ನನ್ನೇ ಹೆಚ್ಚುವರಿಯಾಗಿ ಉಳಿಸಿಕೊಳ್ಳಿ.

ಸಿಬ್ಬಂದಿ ಒಗೆಯುವ ಲಾಡ್ಜಿನಲ್ಲಿ ದಿನಕ್ಕೆ 15 ಕೆಜಿಯಿಂದ 30ರವರೆಗೆ ಫ್ರಂಟ್ ಲೋಡ್, ಮೇಲೆ ಹೋದರೆ ವಾಣಿಜ್ಯ. 20 ಸಾವಿರಕ್ಕಿಂತ ಹೆಚ್ಚು ಆಗದು ಎನ್ನುವವರು ಟಾಪ್ ಲೋಡಿನ ಬದಲು ಸೆಮಿ ತಗೊಂಡು, ಹಿಂಡಿ ಜಾಲಾಡುವ ಕ್ರಮ ಕಲಿಸಿ, ಉಳಿದ ಹಣಕ್ಕೆ ವಾಟರ್ ಮೀಟರ್ ಹಾಕಿಸಿ. ಬೋರ್ ನೀರೊಂದೇ ಇರುವವರಿಗೆ ಸಾಫ್ಟ್‌ನರ್ ಮೊದಲು, ಮೆಷಿನ್ ಆಮೇಲೆ. ದಿನಕ್ಕೆ 80 ಕೆಜಿ ಮೇಲಿನ ಲಾಂಡ್ರಿ ಹಳೇ ಅಡ್ಡ ಡ್ರಮ್ ಬಿಟ್ಟು ವಾಷರ್ ಎಕ್ಸ್‌ಟ್ರಾಕ್ಟರಿಗೆ ಹೋದರೆ ಕೆಜಿಗೆ 13 ಲೀಟರ್ ಕಡಿಮೆ ಎಂದರೂ ತಿಂಗಳಿಗೆ 31,000 ಲೀಟರ್, ಅಂದರೆ ಎರಡೂವರೆ ದೊಡ್ಡ ಟ್ಯಾಂಕರ್ ಉಳಿಯುತ್ತದೆ.

ಹಣ ಕಟ್ಟುವ ಮುಂಚೆ ಮಾರುವವರಿಂದ ಮೂರು ಸಂಗತಿ ಬರೆಸಿಕೊಳ್ಳಿ: ನೀವು ಬಳಸುವ ಪ್ರೋಗ್ರಾಮಿನಲ್ಲಿ ತುಂಬಿದ ಲೋಡಿಗೆ ಎಷ್ಟು ಲೀಟರ್, ವಾಣಿಜ್ಯ ಬಳಕೆಗೆ ವಾರಂಟಿ ಇದೆಯೇ, ಬೇರಿಂಗ್ ಮತ್ತು ಬಾಗಿಲಿನ ರಬ್ಬರ್ ಈ ಊರಲ್ಲಿ ಎಷ್ಟು ದಿನದಲ್ಲಿ ಸಿಗುತ್ತವೆ. ಮೆಷಿನ್ ಕೂರಿಸಲು ಬಂದವರು ಹೊರಡುವ ಮುಂಚೆ ಅವರ ಎದುರೇ ತೂಗಿದ ಬಟ್ಟೆ ಹಾಕಿ, ಮೀಟರ್ ನೋಡಿ ಒಂದು ಪೂರ್ತಿ ಲೋಡ್ ಓಡಿಸಿ. ಬರೆದುಕೊಟ್ಟ ಲೀಟರಿಗೂ ಮೀಟರ್ ತೋರಿಸುವುದಕ್ಕೂ ಹೆಚ್ಚು ವ್ಯತ್ಯಾಸ ಬಂದರೆ ಇನ್‌ಸ್ಟಲೇಷನ್ ಚೀಟಿಗೆ ಸಹಿ ಹಾಕಬೇಡಿ.